ಬೋನಿಗೆ ಬೀಳದ ಬೆಕ್ಕು, ಆಸ್ಪತ್ರೆಗೆ ಹೋಗದ ಅಪ್ಪಯ್ಯ

ಮಾಂಟ್ರೋಸ್, ಕೊಲರಾಡೊ
ಭಾನುವಾರ, ಜನವರಿ 18

ಅಮ್ಮನಿಗೆ ನಮಸ್ಕಾರ.

ನಾನು ಕ್ಷೇಮ. ನೀವೂ ಎಲ್ಲ ಕ್ಷೇಮ ಅಂತ ನಂಬಿದ್ದೇನೆ ಎಂದು ಬರೆಯಬೇಕಿತ್ತು. ನಿನ್ನ ಪತ್ರ ಓದಿದ ಮೇಲೆ ಹಾಗೆ ಬರೆಯಲು ಕೈ ಬರುತ್ತಿಲ್ಲ.

ಪುಟ್ಟಿ ಫೋಟೊ ತೆಗೆದು ಕಳಿಸಿದ್ದು ಮೂರು ಪುಟ. ಅದರಲ್ಲಿ ಎರಡೂವರೆ ಪುಟ ನನ್ನ ಪಾಪದ ಲೆಕ್ಕ, ಅಂದರೆ ನಾನು ಇಲ್ಲಿ ಕಾಡುಬೆಕ್ಕು ಹಿಡಿಯುವ ಕೆಲಸ ಮಾಡುವುದು. ಕೆಳಮನೆ ಚಿಕ್ಕಮ್ಮ ಏನೆಂದರು, ದೊಡ್ಡಪ್ಪ ಹೇಗೆ ಮುಖ ಸಿಂಡರಿಸಿದರು, ಇಂಥ ಕೆಲಸ ಮಾಡುವವನಿಗೆ ಯಾರು ಹೆಣ್ಣು ಕೊಡುತ್ತಾರೆ, ಎಲ್ಲ ಇದೆ. ಕೊನೆಗೆ ಜಾಗ ಉಳಿದಿದೆ ಅಂತ ಬರೆದ ಹಾಗೆ ಒಂದೇ ಸಾಲು. 'ಅಪ್ಪಯ್ಯನಿಗೆ ತೋಟದಿಂದ ಹತ್ತಿ ಬರುವಾಗ ಎದೆ ಉರಿ, ಗ್ಯಾಸ್ ಇರಬೇಕು, ಓಮದ ಕಷಾಯ ಕೊಡುತ್ತಿದ್ದೇನೆ.' ಅಮ್ಮಾ, ಇದನ್ನು ಮೊದಲ ಸಾಲಿನಲ್ಲಿ ಬರೆಯಬಾರದಿತ್ತಾ?

ಫೋನಿನಲ್ಲಿ ಕೇಳೋಣವೆಂದರೆ ನೀವು ಸ್ಪೀಕರ್ ಹಾಕಿಡುತ್ತೀರಿ. ಅಪ್ಪಯ್ಯ ಪಕ್ಕದಲ್ಲೇ ಕೂತು 'ನಂಗೆಂತ ಆಗಿದೆ, ಗಟ್ಟಿ ಇದ್ದೇನೆ' ಅನ್ನುತ್ತಾರೆ. ಅದಕ್ಕೇ ನಾನೂ ಬರೆದು ಪುಟ್ಟಿಯ ಮೊಬೈಲಿಗೆ ಕಳಿಸುತ್ತಿದ್ದೇನೆ. ಅಡುಗೆಮನೆಯಲ್ಲಿ ಬಾಗಿಲು ಹಾಕಿಕೊಂಡು ಓದಿಸಿಕೋ.

ಮೊದಲು ನನ್ನ ಪಾಪದ ವಿಷಯ ಮುಗಿಸುತ್ತೇನೆ. ಇಲ್ಲದಿದ್ದರೆ ಮುಂದಿನದು ನಿನ್ನ ತಲೆಗೆ ಹೋಗುವುದಿಲ್ಲ. ಪುಟ್ಟಿ ಸ್ಟೇಟಸ್ ಹಾಕಿದ ಫೋಟೊದಲ್ಲಿ ಹಿಂದೆ ತೂಗುತ್ತಿದ್ದ ಚರ್ಮ ನಾನು ಸುಲಿದದ್ದಲ್ಲ. ಅದು ಅಜ್ಜನ ಕೊಟ್ಟಿಗೆ. ಅಜ್ಜ ಅಂದರೆ ನನಗೆ ಕೆಲಸ ಕಲಿಸುವ ಮುದುಕ. ಅವರು ಚಿಕ್ಕಂದಿನಿಂದ ಬಾಬ್‌ಕ್ಯಾಟ್ ಎಂಬ ಕಾಡುಬೆಕ್ಕು ಹಿಡಿದು ತುಪ್ಪಳ ಮಾರಿದವರು. ಇಲ್ಲಿ ಅದಕ್ಕೆ ಲೈಸೆನ್ಸ್ ಇದೆ. ಡಿಸೆಂಬರಿನಿಂದ ಫೆಬ್ರವರಿ ಕೊನೆಯವರೆಗೆ ಋತು. ಅದು ಬೇಡ, ನಿಲ್ಲಿಸಿ ಅನ್ನುವವರೂ ಬೇಕಾದಷ್ಟು ಜನ ಇದ್ದಾರೆ. 2024ರಲ್ಲಿ ಈ ರಾಜ್ಯದಲ್ಲಿ ಅದಕ್ಕೇ ವೋಟು ನಡೆದು, ನಿಲ್ಲಿಸಬೇಕೆಂದವರು ಸೋತರು. ನನ್ನ ಕೆಲಸ ಬೇರೆ. ನಾವು ಬೋನಿನಲ್ಲಿ ಹಿಡಿದು, ಕೊರಳಿಗೆ ಜಿಪಿಎಸ್ ಪಟ್ಟಿ ಕಟ್ಟಿ, ಅದೇ ಜಾಗದಲ್ಲಿ ಬಿಡುತ್ತೇವೆ. ನಮ್ಮಲ್ಲಿ ಫಾರೆಸ್ಟಿನವರು ಚಿರತೆಗೆ ಇಡುತ್ತಾರಲ್ಲ, ಅದೇ ಬೋನು, ಸಣ್ಣದು. ಕಾಲು ಕಚ್ಚಿ ಹಿಡಿಯುವ ಕಬ್ಬಿಣದ ಕತ್ತರಿಯನ್ನು ಈ ರಾಜ್ಯದಲ್ಲಿ 1996ರಲ್ಲೇ ಜನ ವೋಟು ಹಾಕಿ ನಿಲ್ಲಿಸಿದ್ದಾರೆ. ನಮ್ಮೂರಿನಲ್ಲಿ ಹಂದಿಗೆಂದು ಉರುಳು ಹಾಕಿ ಚಿರತೆ ಸಾಯಿಸುವವರ ಮುಂದೆ ನಾನು ದೇವರಂಥವನು. ಚಿಕ್ಕಮ್ಮನಿಗೆ ಇಷ್ಟು ಹೇಳು.

ಬೋನಿನಲ್ಲಿಡುವ ಮಾಂಸ ಮುಟ್ಟುತ್ತೇನೆ, ಹೌದು. ಗ್ಲೌಸ್ ಹಾಕಿಕೊಂಡು. ಬಂದ ಕೂಡಲೇ ಸ್ನಾನ. ಅದರಾಚೆ ಕೇಳಬೇಡ.

ಅಪ್ಪಯ್ಯನ ಉರಿ ಎದೆಯಲ್ಲೋ ಹೊಟ್ಟೆಯ ಮೇಲೋ? ಹತ್ತುವಾಗ ಮಾತ್ರ ಬಂದು ನಿಂತರೆ ಕಡಿಮೆಯಾಗುತ್ತದೋ? ಎಡಗೈಗೋ ದವಡೆಗೋ ನೋವು ಬರುತ್ತದಾ? ಬೆವರುತ್ತಾರಾ? ಇವಿಷ್ಟನ್ನು ಇವತ್ತೇ ಕೇಳು. ಗ್ಯಾಸ್ ಆದರೆ ಉಂಡ ಮೇಲೆ ಬರಬೇಕು, ದರೆ ಹತ್ತುವಾಗಲೇ ಯಾಕೆ ಬರುತ್ತದೆ? ಏರು ಹತ್ತುವಾಗ ಬಂದು, ನಿಂತಾಗ ಹೋಗುವುದು ಹೃದಯದ ತೊಂದರೆಯ ಲಕ್ಷಣ. ನಾನು ಡಾಕ್ಟರಲ್ಲ, ಆದರೆ ಇಷ್ಟು ಯಾರಿಗಾದರೂ ಗೊತ್ತು.

ಹೆದರಿಸುತ್ತಿಲ್ಲ. ಏನೂ ಆಗಿರಲಿಕ್ಕಿಲ್ಲ. ಬೇರೆ ವಿಷಯ ಬರೆಯುತ್ತೇನೆ.

ಈ ಬೆಕ್ಕಿಗೆ ಮೋಟು ಬಾಲ, ಕಿವಿಯ ತುದಿಯಲ್ಲಿ ಕೂದಲ ಕುಚ್ಚು. ನಮ್ಮ ಮನೆ ಬೆಕ್ಕಿನ ಎರಡು ಮೂರು ಪಟ್ಟು ತೂಕ. ಹೆಜ್ಜೆ ದುಂಡಗೆ, ಎರಡು ಇಂಚು. ನಾಯಿಜಾತಿಯ ಹಾಗೆ ಉಗುರಿನ ಗುರುತು ಇರುವುದಿಲ್ಲ. ಬಂದ ಹೊಸದರಲ್ಲಿ ನಾನು ಮಾಡಿದ್ದೆಲ್ಲ ತಪ್ಪೇ. ಗಾಡಿಯಿಂದ ಇಳಿಸಲು ಸುಲಭ ಅಂತ ರಸ್ತೆ ಪಕ್ಕದ ಬಯಲಿನಲ್ಲಿ ಬೋನು ಇಟ್ಟೆ. ಎರಡು ವಾರದಲ್ಲಿ ಬಿದ್ದದ್ದು ಮೊಲ, ಮತ್ತೆ ಸ್ಕಂಕ್ ಎಂಬ ಪ್ರಾಣಿ. ಕಪ್ಪು ಮೈ, ಬಿಳಿ ಪಟ್ಟೆ, ಬಾಲ ಎತ್ತಿ ಪಿಚಕಾರಿ ಹೊಡೆಯುತ್ತದೆ. ಆ ಜಾಕೆಟ್ ಇನ್ನೂ ಹೊರಗೇ ಇದೆ. ಅಜ್ಜ ನಗಲಿಲ್ಲ, ಅದೇ ಜಾಸ್ತಿ ಬೇಜಾರು. 'ಬೆಕ್ಕು ನಿನ್ನ ಅನುಕೂಲ ನೋಡಿ ನಡೆಯುವುದಿಲ್ಲ' ಎಂದರು ಅಷ್ಟೆ.

ಬಂಡೆಸಾಲಿನ ಬುಡದಲ್ಲಿ, ಒಣ ಹಳ್ಳದ ಅಂಚಿನಲ್ಲಿ ಅದರ ದಾರಿ. ಹಾಗೆ ಜುನಿಪರ್ ಮರದ ಕೆಳಗೆ ಇಟ್ಟೆವು. ಮಾರನೆ ದಿನ ಹಿಮದಲ್ಲಿ ಎಲ್ಲ ಬರೆದಿಟ್ಟ ಹಾಗಿತ್ತು. ಬೆಕ್ಕು ಬಂದಿದೆ, ಬೋನಿಗೆ ಎರಡು ಸುತ್ತು ಹಾಕಿದೆ, ಬಾಗಿಲ ಎದುರು ಕೂತಿದೆ, ಒಂದು ಪಾದ ಒಳಗಿಟ್ಟಿದೆ, ಹೋಗಿದೆ. ಬೋನಿನ ಒಂದು ಮೂಲೆ ಕಲ್ಲಿನ ಮೇಲೆ ನಿಂತು ಅಲುಗಾಡುತ್ತಿತ್ತು. ತಂತಿಯ ನೆಲ ಬೇರೆ, ಪಾದಕ್ಕೆ ತಣ್ಣಗೆ ಚುಚ್ಚಿರಬೇಕು. ಅವತ್ತು ನೆಲ ಸಮ ಮಾಡಿ ಒಳಗೆ ಹಸಿ ಮಣ್ಣು ಹರಡಿದೆ. ರಾತ್ರಿ ಮಣ್ಣು ಹೆಪ್ಪುಗಟ್ಟಿ, ತುಳಿದರೆ ಬಾಗಿಲು ಬೀಳಿಸುವ ತುಳಿಹಲಗೆ ಕಲ್ಲಾಯಿತು, ಬಾಗಿಲು ಬೀಳಲೇ ಇಲ್ಲ. ಬೆಕ್ಕು ಒಳಗೆ ಬಂದು ತಿಂದು ಹೋಗಿತ್ತು! ಈಗ ಒಣ ಪೈನ್ ಎಲೆ ಹಾಸುತ್ತೇನೆ. ಇನ್ನೊಂದು ಸಲ ಹಿಂದಿನಿಂದ ಕೈ ಹಾಕಿ ಮಾಂಸ ಎಳೆದುಕೊಂಡಿತು. ಈಗ ಹಿಂಬದಿಗೆ ಕಲ್ಲು, ಎರಡೂ ಬದಿಗೆ ಸೊಪ್ಪು. ಬಾಗಿಲೊಂದೇ ದಾರಿ, ಪೊದೆಯೊಳಗಿನ ಗೂಡಿನ ಹಾಗೆ. ತುಳಿಹಲಗೆಯ ಮುಂದೆ ಒಂದು ಕಡ್ಡಿ ಅಡ್ಡ ಇಡಬೇಕು. ಬೆಕ್ಕು ಕಡ್ಡಿ ತುಳಿಯುವುದಿಲ್ಲ, ದಾಟಿ ಸರಿಯಾಗಿ ಹಲಗೆಯ ಮೇಲೇ ಪಾದ ಇಡುತ್ತದೆ. ಈ ಒಂದು ಕಡ್ಡಿಯ ವಿದ್ಯೆಗೇ ಆ ಮುದುಕನಿಗೆ ಅಡ್ಡ ಬೀಳಬೇಕು.

ಕಾಯೋಟಿ ಎಂಬ ಇಲ್ಲಿನ ನರಿಯಂಥ ಪ್ರಾಣಿಗೆ ಮೂಗು ಮುಂದೆ, ಬೆಕ್ಕಿಗೆ ಕಣ್ಣು ಮುಂದೆ. ಹಾಗಾಗಿ ಕೊಂಬೆಗೆ ದಾರ ಕಟ್ಟಿ ಗರಿ ತೂಗುಬಿಡುತ್ತೇವೆ. ಪುಟ್ಟಿಯ ಹಳೆ ಸಿಡಿ ಇದ್ದರೆ ಅದೂ ಆಗುತ್ತದೆ, ಬಿಸಿಲಿಗೆ ಮಿಂಚಬೇಕು ಅಷ್ಟೆ. ಮಾಂಸ ಮಾತ್ರ ಮೇಲಿನಿಂದ ಕಾಣಬಾರದು, ಹದ್ದು ಬರುತ್ತದೆ. ವಾಸನೆಗೆ ಬೀವರ್ ಎಂಬ ಪ್ರಾಣಿಯ ಗ್ರಂಥಿಯ ಎಣ್ಣೆ, ನಮ್ಮ ಪುನುಗಿನ ಹಾಗೆ ಅಂದುಕೋ. ಮತ್ತೆ ಕ್ಯಾಟ್‌ನಿಪ್, ಅದು ತುಳಸಿಯ ಬಳಗದ ಗಿಡ. ಮತ್ತೆ, ನಗಬೇಡ, ಇಲ್ಲಿ ಬೆಕ್ಕಿನ ಮೂತ್ರವನ್ನು ಬಾಟಲಿಯಲ್ಲಿ ಹಾಕಿ ಮಾರುತ್ತಾರೆ. ಡಾಲರ್ ಕೊಟ್ಟು ತಂದಿದ್ದೇನೆ. ಗೋಮೂತ್ರದ ಅರ್ಕ ಬಾಟಲಿಯಲ್ಲಿ ತರುವ ದೊಡ್ಡಪ್ಪ ಇದಕ್ಕೆ ಏನೂ ಅನ್ನುವ ಹಾಗಿಲ್ಲ.

ಕಳೆದ ಮಂಗಳವಾರ ಬಿತ್ತು. ಐದು ವಾರ ಆದ ಮೇಲೆ! ಹೆಣ್ಣು, ಏಳು ಕೆಜಿ. ಕೂಗಲಿಲ್ಲ, ಹಾರಲಿಲ್ಲ, ಮೂಲೆಯಲ್ಲಿ ಕೂತು ನಮ್ಮನ್ನೇ ನೋಡುತ್ತಿತ್ತು. ನಮ್ಮ ಜೊತೆಗಿದ್ದ ಪ್ರಾಣಿಗಳ ಡಾಕ್ಟರ್ ಮತ್ತಿನ ಸೂಜಿ ಕೊಟ್ಟರು. ಆ ಮತ್ತಿನಲ್ಲಿ ಕಣ್ಣು ಮುಚ್ಚುವುದಿಲ್ಲ, ಒಣಗುತ್ತದೆ. ಹನಿ ಹಾಕಿ ಬಟ್ಟೆ ಕಟ್ಟುವುದು ನನ್ನ ಕೆಲಸ. ಜಿಪಿಎಸ್ ಪಟ್ಟಿಯ ತೂಕ ಬೆಕ್ಕಿನ ತೂಕದ ನೂರಕ್ಕೆ ಐದಕ್ಕಿಂತ ಕಡಿಮೆ ಇರಬೇಕು, ಅದನ್ನೂ ನೋಡಿಕೊಂಡೆವು. ಕೈಯಲ್ಲಿ ಅದರ ಎದೆ ಬಡಿಯುವುದು ತಿಳಿಯುತ್ತಿತ್ತು. ಡಾಕ್ಟರ್ ವಾಚು ನೋಡಿ ಬಡಿತ ಎಣಿಸಿ ಬರೆದುಕೊಂಡರು. ಐದೈದು ನಿಮಿಷಕ್ಕೊಮ್ಮೆ ಎಣಿಸಿದರು.

ಕಾಡುಬೆಕ್ಕಿಗೆ ಅಷ್ಟು ಮಾಡುತ್ತಾರೆ ಅಮ್ಮಾ. ಅಪ್ಪಯ್ಯನ ಎದೆಗೆ ಯಾರಾದರೂ ಕೊಳವೆ ಇಟ್ಟು ಎಷ್ಟು ವರ್ಷ ಆಯಿತು?

ಪುಟ್ಟಿ ಬೇರೆ ಒಂದು ವಿಷಯ ಹೇಳಿದಳು. ಅವಳನ್ನು ಬೈಯಬೇಡ. ಹೋದ ತಿಂಗಳು ಅಪ್ಪಯ್ಯ ಒಬ್ಬರೇ ಡಾಕ್ಟರ್ ಶಾಪಿನ ತನಕ ಹೋಗಿ, ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತು, 'ಜನ ಜಾಸ್ತಿ' ಎಂದು ವಾಪಸ್ ಬಂದರಂತೆ. ಅಂದರೆ ಅವರಿಗೂ ಗೊತ್ತಾಗಿದೆ. ಗ್ಯಾಸ್‌ಗೆ ಅವರು ಅಷ್ಟು ದೂರ ಹೋಗುವ ಪೈಕಿಯಾ?

ಅಡಿಕೆ ಕೊಯ್ಲು ಮುಗಿಯಲಿ ಅನ್ನುತ್ತಾರೆ. ಆಮೇಲೆ ಸುಲಿತ, ಆಮೇಲೆ ಬೇಸಾಯ, ಆಮೇಲೆ ಮಳೆಗಾಲ, ಕೊಳೆಗೆ ಔಷಧಿ. ಎಲೆಚುಕ್ಕಿ ರೋಗದಿಂದ ಫಸಲು ಹೋಗಿ ಸೊಸೈಟಿಯ ಸಾಲ ನಿಂತಿದೆ, ಆಸ್ಪತ್ರೆಗೆ ಎಲ್ಲಿಂದ ಅನ್ನುವುದೇ ಅವರ ನಿಜವಾದ ಲೆಕ್ಕ. ಅದಕ್ಕೆ ಪುಟ್ಟಿಯ ಖಾತೆಗೆ ಅರವತ್ತು ಸಾವಿರ ಹಾಕಿದ್ದೇನೆ. ಅದು ಸೊಸೈಟಿಗೂ ಅಲ್ಲ, ಗೊಬ್ಬರಕ್ಕೂ ಅಲ್ಲ, ನನ್ನ ಮದುವೆಗಂತೂ ಅಲ್ಲ.

ನೇರವಾಗಿ ಆಸ್ಪತ್ರೆ ಎಂದರೆ ಬರುವುದಿಲ್ಲ. ಭಾವನಿಗೆ ಹೇಳಿದ್ದೇನೆ. ಬುಧವಾರ ಕಾರು ತರುತ್ತಾರೆ. ಶಿವಮೊಗ್ಗದ ಮಂಡಿಯಲ್ಲಿ ರೇಟು ವಿಚಾರಿಸಿ ಬರೋಣ ಅನ್ನಲಿ. ನೀನೂ ಜೊತೆಗೆ ಹೊರಡು, ಸೀರೆಗೋ ಬಳೆಗೋ ಅನ್ನು. ಮಂಡಿ ನೋಡಿಯೇ ಹೋಗಿ, ಸುಳ್ಳಾಗುವುದು ಬೇಡ. ಇಸಿಜಿ, ಎಕೋ ಎರಡೂ ಆಗಬೇಕು. ಕೂತಾಗ ತೆಗೆದ ಇಸಿಜಿ ಸರಿ ಬಂದರೂ ಅಲ್ಲಿಗೇ ಬಿಡಬೇಡಿ, ಹತ್ತುವಾಗ ಬರುತ್ತದೆ ಅಂತ ಡಾಕ್ಟರಿಗೆ ಬಾಯಿ ಬಿಟ್ಟು ಹೇಳು. ಅಪ್ಪಯ್ಯ ಹೇಳುವುದಿಲ್ಲ. ಅಷ್ಟರೊಳಗೆ ಸುಮ್ನೆ ಕೂತಾಗಲೂ ನೋವು ಬಂದರೆ, ಬೆವರಿದರೆ, ಬುಧವಾರ ಕಾಯಬೇಡಿ. ಕಷಾಯವೂ ಬೇಡ. 108ಕ್ಕೆ ಫೋನ್ ಮಾಡಿ. ತೋಟಕ್ಕೆ ಇಳಿಯುವುದನ್ನು ನಾಳೆಯಿಂದ ನಿಲ್ಲಿಸು.

ನನ್ನ ಬಗ್ಗೆ ಏನೂ ಚಿಂತೆ ಬೇಡ. ಚಳಿ ಇದೆ, ಇಂದು ಬೆಳಿಗ್ಗೆ ಸೊನ್ನೆಗಿಂತ ಹದಿನಾಲ್ಕು ಕೆಳಗೆ. ಆದರೆ ಒಣ ಚಳಿ, ಏನೂ ಆಗುವುದಿಲ್ಲ. ವರ್ಷಕ್ಕೆ ಇಲ್ಲಿ ಬೀಳುವುದು ಸುಮಾರು 250 ಮಿಲಿಮೀಟರ್. ಆಗುಂಬೆಯಲ್ಲಿ ಆಷಾಢದ ಎರಡು ಜೋರು ದಿನ ಸಾಕು ಅಷ್ಟಕ್ಕೆ. ಮೂರು ಸ್ವೆಟರ್ ಹಾಕುತ್ತೇನೆ. ಟೋಪಿ ಹಾಕುತ್ತೇನೆ. ಅನ್ನ, ಸಾರು ದಿನಾ ಮಾಡುತ್ತೇನೆ. ಬೆಕ್ಕು ಪರಚಿಲ್ಲ. ಪುಟ್ಟಿ ಕೈಯ ಬ್ಯಾಂಡೇಜ್ ನೋಡಿದ್ದಾಳಂತೆ, ಅದು ಬೋನಿನ ತಂತಿ ತಾಗಿದ್ದು, ಸಣ್ಣದು. ರೇಬಿಸ್ ಲಸಿಕೆ ಮೊದಲೇ ಹಾಕಿಸಿದ್ದಾರೆ, ಟೆಟನಸ್ ಕೂಡ. ನಿಜವಾಗಿಯೂ ಏನೂ ಇಲ್ಲ.

ಎಳ್ಳು ಬೆಲ್ಲ ತಲುಪಿಲ್ಲ. ಪರವಾಗಿಲ್ಲ.

ಅಜ್ಜನ ಗಾಡಿ ಬಂತು, ಹಾರ್ನ್ ಹೊಡೆಯುತ್ತಿದ್ದಾರೆ. ಇಲ್ಲಿ ಬೆಳಗಿನ ಐದೂವರೆ, ಬೋನು ದಿನಾ ನೋಡಲೇಬೇಕು, ಭಾನುವಾರ ಅಂತ ಇಲ್ಲ. ನಿಮಗೆ ಈಗ ದೀಪ ಹಚ್ಚುವ ಹೊತ್ತು. ಅಪ್ಪಯ್ಯ ತೋಟದಿಂದ ಬಂದರಾ? ಹತ್ತುವಾಗ ಎಷ್ಟು ಸಲ ನಿಂತರು ಅಂತ ಪುಟ್ಟಿ ಕಿಟಕಿಯಿಂದ ನೋಡಿ ಮೆಸೇಜ್ ಹಾಕಲಿ. ಎಲ್ಲರಿಗೂ ನಮಸ್ಕಾರ. ಗಡಿಬಿಡಿಯಲ್ಲಿದ್ದೇನೆ.

ನಿನ್ನ ಮಗ

ಮರೆತೆ. ರಿಪೋರ್ಟಿನ ಫೋಟೊ ಎರಡೂ ಬದಿ ಕಳಿಸಿ.