ಒಂದು ಕಿವಿ, ಎಲ್ಲಾ ಮತ್ತು ಲೂಯಿಸ್

ದೋಸ್ತ,

ಎಂಟು ತಿಂಗಳ ಹಿಂದೆ ನೀನು ಕಳಿಸಿದ ಜಾಝ್ ಆಲ್ಬಮ್ಮನ್ನು, ಎಲ್ಲಾ ಫಿಟ್ಜೆರಾಲ್ಡ್ ಮತ್ತು ಲೂಯಿಸ್ ಆರ್ಮ್‌ಸ್ಟ್ರಾಂಗ್ ಕೂಡಿ ಹಾಡಿದ್ದನ್ನು, ಕೊನೆಗೂ ಕೇಳಿದೆ. ಬೈಬೇಡ. ನೀನು ಮೂರು ಸಲ ವಿಚಾರಿಸಿದಾಗಲೂ "ಛಲೋ ಐತಿ ಬಿಡಲೇ" ಅಂದಿದ್ದು ಶುದ್ಧ ಸುಳ್ಳು. ಮೊದಲ ಹಾಡನ್ನು ಅರ್ಧ ನಿಮಿಷ ಕೇಳಿ ಬಂದ್ ಮಾಡಿದ್ದೆ. ಫೋನಿನಲ್ಲಿ ಇದನ್ನು ಒಪ್ಪಿಕೊಳ್ಳೋಕೆ ನಾಚಿಕೆ, ಅದಕ್ಕೇ ಪತ್ರ. ನಮ್ಮ ಉಳಿದ ಮಂದಿಯೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ. ಅವರಲ್ಲೂ ಇಬ್ಬರು ನಿನಗೆ ಇದೇ ಸುಳ್ಳು ಹೇಳಿದ್ದಾರೆ, ನನಗೆ ಗೊತ್ತು.

ಕೇಳಿದ್ದು ಹೇಗೆ ಅಂದರೆ, ನನ್ನ ಇಯರ್‌ಫೋನಿನ ಬಲಗಡೆ ಸತ್ತಿದೆ. ವೈರಿನ ಹಳೇ ಇಯರ್‌ಫೋನ್, ಪಿನ್ನಿನ ಹತ್ತಿರ ಒಳಗೇ ಎಲ್ಲೋ ತಂತಿ ಕಡಿದಿರಬೇಕು. ಮೊದಮೊದಲು ತಿರುಚಿ ಹಿಡಿದರೆ ಜೀವ ಬರುತ್ತಿತ್ತು, ಆಮೇಲೆ ಅದೂ ನಿಂತಿತು. ಹೊಸದು ತಗೊಳ್ಳೋಣ ಅನ್ನುತ್ತಲೇ ಒಂದು ತಿಂಗಳು ಹೋಯಿತು. ದಿನಾ ಬೆಳಿಗ್ಗೆ ಧಾರವಾಡದ ಜುಬಿಲಿ ಸರ್ಕಲ್‌ನಲ್ಲಿ ಚಿಗರಿ ಬಸ್ ಹತ್ತಿ ಹುಬ್ಬಳ್ಳಿಗೆ ಹೋಗುತ್ತೇನಲ್ಲ, ಆ ಮುಕ್ಕಾಲು ಗಂಟೆ ಒಂದೇ ಕಿವಿಯಲ್ಲಿ ಹಾಡು ಕೇಳೋ ಶಿಕ್ಷೆ. ಸಿನಿಮಾ ಹಾಡು ಹಾಕಿದರೆ ಅರ್ಧ ವಾದ್ಯ ಮಾಯ. ಒಂದು ಹಾಡಿನಲ್ಲಂತೂ ಕೊಳಲು ಬರೋ ಜಾಗ ಪೂರ್ತಿ ಖಾಲಿ, ಕೊಳಲು ಸತ್ತ ಕಿವಿಯ ಕಡೆ ಇತ್ತು. ಒಂದು ದಿನ ನವಲೂರು ದಾಟುವಾಗ ಏನೋ ಹುಡುಕುತ್ತಾ ಬೆರಳು ನೀನು ಕಳಿಸಿದ್ದರ ಮೇಲೆ ಬಿತ್ತು. ಪಿಯಾನೋ, ಗಿಟಾರ್, ಆ ಹೆಂಗಸಿನ ದನಿ, ಹಿಂದೆ ಯಾರೋ ಅಂಗಳ ಗುಡಿಸುತ್ತಿರುವಂಥ ಸಪ್ಪಳ, ಎಲ್ಲವೂ ಇದ್ದವು. ಏನೂ ಕಳೆದಿರಲಿಲ್ಲ. ಇಯರ್‌ಫೋನ್ ತಾನಾಗೇ ರಿಪೇರಿ ಆಯ್ತೇನೋ ಅಂತ ಎಡಗಡೆಯದನ್ನು ಕಿತ್ತು ನೋಡಿದೆ. ಬಲಗಡೆ ಸತ್ತೇ ಇತ್ತು.

ಕಾರಣ ಆಮೇಲೆ ತಿಳಿಯಿತು. 'ಎಲ್ಲಾ ಅಂಡ್ ಲೂಯಿಸ್' 1956ರ ರೆಕಾರ್ಡಿಂಗ್, ಮೋನೋ. ಎರಡೂ ಕಿವಿಗೆ ಹೋಗೋದು ಒಂದೇ ಸದ್ದು. ಹಾಗಾಗಿ ಒಂದು ಕಿವಿ ಹೋದವನಿಗೂ ಪೂರ್ತಿ ಪಾಲು ಸಿಗುತ್ತದೆ. ಅವತ್ತಿನಿಂದ ಇವತ್ತಿನವರೆಗೆ ಬಸ್ಸಿನಲ್ಲಿ ಬೇರೆ ಏನನ್ನೂ ಹಾಕಿಲ್ಲ. ಒಟ್ಟು ಹನ್ನೊಂದು ಹಾಡು. ಜುಬಿಲಿ ಸರ್ಕಲ್‌ನಲ್ಲಿ ಶುರು ಮಾಡಿದರೆ ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಒಂಬತ್ತನೆಯದು, 'ಚೀಕ್ ಟು ಚೀಕ್', ನಡೆದಿರುತ್ತದೆ. ಕೊನೆಯ ಎರಡು ಸಂಜೆಗೆ.

ನೀನು "ಎಲ್ಲ ಸ್ಟ್ಯಾಂಡರ್ಡ್‌ಗಳು" ಅಂತ ಬರೆದಿದ್ದೆ. ನಮಗೆ ಸ್ಟ್ಯಾಂಡರ್ಡ್ ಅಂದರೆ ಏಳನೇ ಸ್ಟ್ಯಾಂಡರ್ಡ್, ಮುಲ್ಕಿ ಪರೀಕ್ಷೆ. ಹುಡುಕಿ ಓದಿದೆ. ಹೆಚ್ಚಿನವು ಯಾವುದೋ ನಾಟಕಕ್ಕೋ ಸಿನಿಮಾಕ್ಕೋ ಬರೆದ ಹಾಡುಗಳಂತೆ. 'ಏಪ್ರಿಲ್ ಇನ್ ಪ್ಯಾರಿಸ್' 1932ರಲ್ಲಿ ಬ್ರಾಡ್‌ವೇ ರಂಗದ ಮೇಲೆ ಬಂದದ್ದು. 'ಚೀಕ್ ಟು ಚೀಕ್' 1935ರ 'ಟಾಪ್ ಹ್ಯಾಟ್' ಸಿನಿಮಾದ್ದು, ಇರ್ವಿಂಗ್ ಬರ್ಲಿನ್ ಬರೆದ, ಫ್ರೆಡ್ ಅಸ್ಟೇರ್ ಹಾಡಿದ. ಆಮೇಲೆ ಬಂದವರೆಲ್ಲ ಅದನ್ನು ಎತ್ತಿಕೊಂಡು ತಮ್ಮ ತಮ್ಮ ಚಾಲಿನಲ್ಲಿ ಹಾಡುತ್ತಾ ಹೋದರು. ಇದರಲ್ಲಿ ನಮಗೆ ಹೊಸದೇನಿದೆ ಹೇಳು? ಮರಾಠಿ ನಾಟ್ಯಗೀತೆ ನಾಟಕ ಬಿಟ್ಟು ಎದ್ದು ಬಂದು ಬೈಠಕ್ಕಿನ ಕೊನೆಯಲ್ಲಿ ಕೂತದ್ದು ಹೀಗೇ ಅಲ್ವಾ. ಮಲ್ಲಿಕಾರ್ಜುನ ಮನಸೂರರೇ ಹುಡುಗರಿದ್ದಾಗ ನಾಟಕ ಕಂಪನಿಯಲ್ಲಿ ಇದ್ದವರು. ಕಥೆ ಯಾರಿಗೂ ನೆನಪಿರೋದಿಲ್ಲ, ಹಾಡು ಮಾತ್ರ ಬಾಯಲ್ಲಿ ಉಳಿಯುತ್ತದೆ.

ಆದರೆ ಒಂದು ವಿಷಯಕ್ಕೆ ಮೊದಲ ವಾರ ನನ್ನ ತಲೆ ತಿರುಗಿತು. ತಂಬೂರಿ ಇಲ್ಲ! ಷಡ್ಜ ಎಲ್ಲಿ ಅಂತ ಹುಡುಕುತ್ತಲೇ ಕೂತೆ. ನಮ್ಮ ಕಿವಿಗೆ ಸಾ ಅಂದರೆ ನೆಟ್ಟ ಗೂಟ. ಎಷ್ಟು ದೂರ ಹೋದರೂ ಹಗ್ಗ ಅಲ್ಲಿಗೇ ಕಟ್ಟಿರುತ್ತದೆ. ಇಲ್ಲಿ ಎಲ್ಲಾ ಒಂದೇ ಸ್ವರವನ್ನು ಹಿಡಿದು ನಿಂತಿರುತ್ತಾಳೆ, ಕೆಳಗೆ ಪಿಯಾನೋದವನು ಸ್ವರಗಳ ಗೊಂಚಲನ್ನು ಬದಲಾಯಿಸುತ್ತಾನೆ, ಅಷ್ಟಕ್ಕೇ ಆಕೆಯ ಸ್ವರಕ್ಕೆ ಬೇರೆಯದೇ ಬಣ್ಣ ಬರುತ್ತದೆ. ಆಕೆ ಅಲುಗಾಡಿಯೇ ಇಲ್ಲ. ಸ್ಟ್ಯಾಂಡಿನಲ್ಲಿ ನಾವು ಕೂತ ಬಸ್ ನಿಂತೇ ಇರುತ್ತದೆ, ಪಕ್ಕದ್ದು ಹೊರಟರೆ ನಮ್ಮದೇ ಹೊರಟ ಹಾಗೆ ಅನ್ನಿಸುತ್ತದಲ್ಲ, ಆ ಥರ. ಮೊದಲು ಇದರಿಂದ ಕಿರಿಕಿರಿ ಆಗುತ್ತಿತ್ತು. ಈಗ ಅದೇ ಜಾಗಕ್ಕೆ ಕಾಯುತ್ತೇನೆ.

ಪಿಯಾನೋ ಆಸ್ಕರ್ ಪೀಟರ್ಸನ್‌ದು, ಗಿಟಾರ್ ಹರ್ಬ್ ಎಲ್ಲಿಸ್. ಬೇಸ್ ಬಾರಿಸಿದ್ದು ರೇ ಬ್ರೌನ್. ಈತ ಎಲ್ಲಾಳ ಗಂಡನಾಗಿದ್ದವನು, 1953ರಲ್ಲಿ ಬೇರೆಯಾದರು. ಮೂರು ವರ್ಷ ಬಿಟ್ಟು ಇಲ್ಲಿ ಆಕೆಯ ಹಿಂದೆ ನಿಂತು ಹೆಜ್ಜೆ ಹೆಜ್ಜೆಗೂ ಲಯ ಕೊಡುತ್ತಿದ್ದಾನೆ. ನಮ್ಮಲ್ಲಾದರೆ ಇಬ್ಬರೂ ಒಂದು ಮದುವೆಗೂ ಹೋಗುತ್ತಿರಲಿಲ್ಲ. ಇನ್ನು ಆ ಅಂಗಳ ಗುಡಿಸೋ ಸಪ್ಪಳ ಇದೆಯಲ್ಲ, ಅದು ಬಡ್ಡಿ ರಿಚ್. ಡ್ರಮ್ಮಿನ ಮೇಲೆ ಕೋಲು ಆಡಿಸುವ ಬದಲು ತಂತಿಯ ಕುಚ್ಚು ಎಳೆಯುತ್ತಾನೆ. ಈ ಮನುಷ್ಯ ಗಡಚಿಕ್ಕುವ ಹಾಗೆ ಬಾರಿಸೋದಕ್ಕೆ ಹೆಸರಾದವನು, ಅವನ ವಿಡಿಯೋ ನೋಡಿದರೆ ಗುಡುಗು ಮಿಂಚು. ಇಲ್ಲಿ ಬಾಲ ಮುದುರಿಕೊಂಡು ಕೂತಿದ್ದಾನೆ. ಎರಡು ಪರೀಕ್ಷೆ ಪಾಸು ಮಾಡಿ ತಬಲಾ ಬಿಟ್ಟವನು ನಾನು, ಆದರೂ ಬರೀ ಠೇಕಾ ಹಿಡಿದು ಕೂರೋದು ಎಷ್ಟು ಕಷ್ಟ ಅಂತ ಬಲ್ಲೆ. ಕೈ ತುರಿಸುತ್ತದೆ. ಗಾಯಕರು ಉಸಿರು ತಗೊಂಡರೆ ಸಾಕು, ನಡುವೆ ಒಂದು ತಿಹಾಯಿ ತೂರಿಸೋಣ ಅನ್ನಿಸುತ್ತದೆ. ಆತ ತೂರಿಸಿಲ್ಲ.

ಈಗ ಆ ದನಿಯ ಮಾತು. ಎಂಟು ತಿಂಗಳ ಹಿಂದೆ ನಾನು ಬಂದ್ ಮಾಡಿದ್ದೇ ಲೂಯಿಸ್ ಬರುತ್ತಾನೆ ಅನ್ನೋ ಹೆದರಿಕೆಗೆ. ಮೊದಲೆಲ್ಲೋ ಕೇಳಿದ್ದೆ, ಗರಗಸದಿಂದ ಹಸಿ ಕಟ್ಟಿಗೆ ಕೊಯ್ದ ಹಾಗಿತ್ತು. ಆದರೆ ನಾವು ಯಾವ ಊರವರು ಮಾರಾಯಾ? ಗಂಗೂಬಾಯಿ ಹಾನಗಲ್ಲರ ಊರವರು. ಗಂಟಲಿಗೆ ಚಿಕಿತ್ಸೆ ಆದ ಮೇಲೆ ಅವರ ದನಿ ಗಂಡಸಿನ ಹಾಗೆ ಇಳಿಯಿತು, ಅವರು ಆ ದನಿಯನ್ನೇ ಇಟ್ಟುಕೊಂಡು ಅಷ್ಟು ಎತ್ತರಕ್ಕೆ ಹೋದರು. ದನಿ ಸಿಹಿ ಇದ್ದರೆ ಮಾತ್ರ ಹಾಡು ಅಂತ ಹುಬ್ಬಳ್ಳಿ-ಧಾರವಾಡದವನು ಹೇಳಿದರೆ ನಾಲಿಗೆಗೆ ಕಜ್ಜಿ ಆಗಬೇಕು. ಅದು ನೆನಪಾದ ಮೇಲೆ ಲೂಯಿಸ್‌ನನ್ನು ಸರಿಯಾಗಿ ಕೇಳಿದೆ. ಆತ ಸ್ವರ ತಪ್ಪುವುದೇ ಇಲ್ಲ! ಒರಟು ಇರೋದು ಮೇಲಿನ ಸಿಪ್ಪೆ ಮಾತ್ರ. ಜತೆಗೆ ಮಾತನ್ನು ಒಂದು ಗುಂಜಿ ತಡವಾಗಿ ಇಡುತ್ತಾನೆ, ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಧಾನಕ್ಕೆ ಒಳಗೆ ಬರುವವರ ಹಾಗೆ. ಟ್ರಂಪೆಟ್ ಊದುವಾಗಲೂ ಅದೇ ನಡಿಗೆ.

ಜುಗಲಬಂದಿ ಅಂದರೆ ನನಗೆ ಒಳಗೊಳಗೇ ಒಂದು ಬೇಸರ ಇತ್ತು, ನಿನಗೂ ಹೇಳಿದ್ದೆ. ಮುಕ್ಕಾಲು ಪಾಲು ಕುಸ್ತಿ. ಅವನು ಒಂದು ತಾನ್ ಎಸೆದ, ಇವನು ಎರಡು ಎಸೆದ, ಜನ ಚಪ್ಪಾಳೆ. ಇಲ್ಲಿ ಆಗಿರೋದು ಬೇರೆ, ಇಬ್ಬರು ಕಟ್ಟೆಗೆ ಕೂತು ಮಾತಾಡಿದಂತಿದೆ. 'ಚೀಕ್ ಟು ಚೀಕ್'ನಲ್ಲಿ ಮೊದಲು ಲೂಯಿಸ್ ಪೂರ್ತಿ ಹಾಡು ಹೇಳಿ ಮುಗಿಸುತ್ತಾನೆ, ಆಮೇಲೆ ಎಲ್ಲಾ ಅದೇ ಮಾತನ್ನು ಎತ್ತುತ್ತಾಳೆ. ಒಬ್ಬರು ಹೇಳಿದ್ದನ್ನೇ ಇನ್ನೊಬ್ಬರು ಹೇಳಿದರೂ ಬೇಸರ ಬರೋದಿಲ್ಲ, ಆತನಿಗೆ ಅದು ನಡೆದುಹೋದ ಸುದ್ದಿ, ಆಕೆಗೆ ಈಗ ಕಣ್ಮುಂದೆ ನಡೆಯುತ್ತಿರೋದು.

ಯಾರೂ ಯಾರಿಗೂ ಬಗ್ಗಿಲ್ಲ ಅಂತ ಖುಷಿಯಲ್ಲಿದ್ದೆ. ಅದೂ ತಪ್ಪು. ನಮ್ಮಲ್ಲಿ ಗಂಡು ಹೆಣ್ಣು ಕೂಡಿ ಹಾಡುವಾಗ ಮೊದಲ ತಕರಾರೇ ಪಟ್ಟಿ, ಅಂದರೆ ಶ್ರುತಿ, ಯಾರದು ಅನ್ನೋದು, ಕಾಳಿ ಒಂದೋ ಕಾಳಿ ನಾಕೋ. ಇಲ್ಲಿ ಆ ತಕರಾರೇ ಬರಲಿಲ್ಲವಂತೆ. ಆಲ್ಬಮ್ ಮಾಡಿಸಿದ ನಾರ್ಮನ್ ಗ್ರಾಂಟ್ಸ್ ಹೇಳಿದ ಪ್ರಕಾರ, ಹಾಡುಗಳನ್ನು ಲೂಯಿಸ್ ಆರಿಸಲಿ ಅಂತ ಎಲ್ಲಾಳೇ ಪಟ್ಟು ಹಿಡಿದಳು, ತನಗೆ ಒಗ್ಗದ ಪಟ್ಟಿ ಇದ್ದರೂ ಹಾಡಿದಳು. ಆಗ ಆಕೆಗೆ 39, ಆತನಿಗೆ 55. ಹಿಂದಿನ ರಾತ್ರಿ ಇಬ್ಬರೂ ಹಾಲಿವುಡ್ ಬೌಲ್‌ನಲ್ಲಿ ಕಾರ್ಯಕ್ರಮ ಕೊಟ್ಟಿದ್ದರು, ಮರುದಿನ ಆಗಸ್ಟ್ 16ಕ್ಕೆ ಒಂದೇ ದಿನದಲ್ಲಿ ಹನ್ನೊಂದೂ ಹಾಡು ಮುಗಿಸಿದರು. ಇದು ಗೊತ್ತಾದ ಮೇಲೆ ಮತ್ತೆ ಮೊದಲಿನಿಂದ ಕೇಳಿದೆ. ಆಕೆ ಎಲ್ಲಿ ಕೆಳಗಿಳಿದು ಆತನಿಗೆ ಜಾಗ ಮಾಡಿಕೊಡುತ್ತಾಳೆ ಅಂತ ಹಿಡಿಯೋಣ ಅಂತ. ಹಿಡಿಯೋಕೆ ಆಗಲಿಲ್ಲ, ಅಷ್ಟು ನಾಜೂಕು.

ನಾಲ್ಕನೆಯ ಹಾಡಿಗೆ ಬರುತ್ತೇನೆ. 'ದೇ ಕಾಂಟ್ ಟೇಕ್ ದಟ್ ಅವೇ ಫ್ರಮ್ ಮಿ'. ಗರ್ಶ್ವಿನ್ ಅಣ್ಣತಮ್ಮಂದಿರದು, ಅಣ್ಣ ಐರಾನ ಮಾತು, ತಮ್ಮ ಜಾರ್ಜನ ಸ್ವರ, 1937. ಅಗಲುವ ಹೊತ್ತಿನ ಹಾಡು, ಆದರೆ ಅಳು ಇಲ್ಲ, ನಿಟ್ಟುಸಿರೂ ಇಲ್ಲ. ಸುಮ್ನೆ ಒಂದು ಲೆಕ್ಕ ಕೊಡುತ್ತಾ ಹೋಗುತ್ತದೆ. ನೀನು ಟೋಪಿ ಇಡುತ್ತಿದ್ದ ರೀತಿ, ಚಹಾ ಗುಟುಕರಿಸುತ್ತಿದ್ದ ರೀತಿ, ಸುರ ತಪ್ಪಿ ಹಾಡುತ್ತಿದ್ದದ್ದು. ಬಸ್ ಸತ್ತೂರಿನ ಹತ್ತಿರ ಇತ್ತು. ನನಗೆ ನೀನೇ ನೆನಪಾದೆ ನೋಡು. ಗ್ಯಾದರಿಂಗಿನಲ್ಲಿ ನೀನು ಹಾಡಿದ್ದು, ಹಾರ್ಮೋನಿಯಂ ಪೆಟ್ಟಿಗೆ ಬಾರಿಸುವವರು ನಿನ್ನ ಶ್ರುತಿ ಹುಡುಕುತ್ತಾ ಮೂರು ಮನೆ ಬದಲಾಯಿಸಿದ್ದು, ಕೊನೆಗೆ ಬಾಯಿಗೆ ಕರ್ಚೀಪು ಒತ್ತಿಕೊಂಡದ್ದು. ಮತ್ತೆ ನೀನು ಚಹಾವನ್ನು ಬಶಿಗೆ ಸುರಿದು, ಊದದೆ, ಬಶಿಯನ್ನೇ ಎಡಕ್ಕೊಮ್ಮೆ ಬಲಕ್ಕೊಮ್ಮೆ ಓಲಾಡಿಸಿ ಆರಿಸುತ್ತಿದ್ದದ್ದು. ಪುಣೆಯಲ್ಲಿ ಈಗ ಮಗ್ಗಿನಲ್ಲಿ ಕುಡಿಯುತ್ತೀಯಂತೆ. ಇರಲಿ.

ಈ ಹಾಡು ಬಂದ ವರ್ಷವೇ ಜುಲೈನಲ್ಲಿ ಜಾರ್ಜ್ ತೀರಿಕೊಂಡ, 38 ವಯಸ್ಸು. 'ಎ ಫಾಗಿ ಡೇ' ಇದ್ದ ಸಿನಿಮಾ ತೆರೆಗೆ ಬಂದದ್ದು ಆತ ಹೋದ ಮೇಲೆ. ಅದು ಲಂಡನ್ನಿನ ಮಂಜಿನ ಹಾಡು, ಆದರೆ ನನಗೆ ದಿನಾ ಸರಿಯಾಗಿ ಉಣಕಲ್ ಕೆರೆಯ ಹತ್ತಿರ ಬರುತ್ತದೆ. ಕಳೆದ ವಾರ ಜಿಟಿಜಿಟಿ ಮಳೆ, ಕೆರೆಯ ಆಚೆ ದಂಡೆ ಕಾಣುತ್ತಿರಲಿಲ್ಲ, ಬಸ್ಸಿನ ಗಾಜಿನ ಮೇಲೆ ಉಸಿರು ಕಟ್ಟಿತ್ತು. ಲಂಡನ್ ಯಾಕೆ ಬೇಕು.

ಎಲ್ಲ ಹೊಗಳಿದೆ ಅಂತ ತಿಳಿಯಬೇಡ. ಹಾಡುಗಳ ನಡಿಗೆ ಹೆಚ್ಚುಕಮ್ಮಿ ಒಂದೇ. 'ಅಂಡರ್ ಎ ಬ್ಲಾಂಕೆಟ್ ಆಫ್ ಬ್ಲೂ' ಬರುವಾಗ ಎರಡು ಸಲ ತೂಕಡಿಸಿ ಕಿಟಕಿಗೆ ತಲೆ ಬಡಿಸಿಕೊಂಡಿದ್ದೇನೆ. ನಡುವೆ ಒಂದು ದ್ರುತ್ ಇದ್ದಿದ್ದರೆ ಚೆನ್ನಾಗಿತ್ತು. 'ಮೂನ್‌ಲೈಟ್ ಇನ್ ವರ್ಮಾಂಟ್' ಕೂಡ ನಿಧಾನವೇ, ಆದರೆ ಅದರಲ್ಲೊಂದು ಸಂಗತಿ ಇದೆ. ಅದರ ಸಾಲುಗಳಲ್ಲಿ ಪ್ರಾಸವೇ ಇಲ್ಲ. ಬರೀ ಒಂದೊಂದು ಚಿತ್ರ ಇಟ್ಟು ಮುಂದೆ ಹೋಗುತ್ತದೆ. ಆಕೆ ಹಾಡುವಾಗ ಪ್ರಾಸ ಇಲ್ಲ ಅನ್ನೋದು ಎಂಟು ಸಲ ಕೇಳಿದರೂ ನನಗೆ ಹೊಳೆದಿರಲಿಲ್ಲ, ಓದಿದ ಮೇಲೇ ಗೊತ್ತಾಯಿತು.

ಇನ್ನು ಅವ್ವನ ವಿಷಯ. ಅವ್ವ ಹುಟ್ಟಿದ್ದೂ ಧಾರವಾಡ ಆಕಾಶವಾಣಿ ಶುರುವಾದದ್ದೂ ಒಂದೇ ವರ್ಷ, 1950. ರೇಡಿಯೋ ಕೇಳಿ ಬೆಳೆದ ಕಿವಿ, ಹಾಗಾಗಿ ಸುಲಭಕ್ಕೆ ಯಾರಿಗೂ ತಲೆ ಅಲ್ಲಾಡಿಸೋದಿಲ್ಲ. ಮೊನ್ನೆ ರವಿವಾರ ಕರೆಂಟ್ ಹೋಗಿತ್ತು. ಪಡಸಾಲೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನಾನು ಹಾಡು ಕೇಳುತ್ತಾ ಪಕ್ಕದಲ್ಲಿ ಕೂತಿದ್ದೆ. "ಏನ್ ಕೇಳಾಕತ್ತೀ, ನನಗೂ ಕೊಡು" ಅಂದಳು. ಬದುಕಿರೋ ಎಡಗಡೆಯದನ್ನು ಕೊಟ್ಟೆ. ಸತ್ತದ್ದು ನನ್ನ ಕಿವಿಯಲ್ಲೇ ಉಳಿಯಿತು.

ಫೋನಿನಲ್ಲಿ ಮೇಲಿನ ಚಿತ್ರ ನೋಡಿದಳು. ಇಬ್ಬರೂ ಕುರ್ಚಿ ಹಾಕಿಕೊಂಡು ಕೂತಿದ್ದಾರಲ್ಲ, ಲೂಯಿಸ್ ಕಾಲುಚೀಲ ಕೆಳಗೆ ಸುತ್ತಿಕೊಂಡಿದ್ದಾನೆ. "ಮದುವೀ ಮನ್ಯಾಗ ಊಟದ ಪಾಳಿಗೆ ಕುಂತಂಗ ಕುಂತಾರ" ಅಂದಳು. ಈಕೆಯ ಹೆಸರು ಎಲ್ಲಾ ಅಂದೆ. "ಎಲ್ಲಾ ಅಂದ್ರ? ಎಲ್ಲಾ ಯಾರು?" ಬಿಡಿಸಿ ಹೇಳೋದರಲ್ಲಿ ಅರ್ಧ ಹಾಡು ಹೋಯಿತು. ಆಮೇಲೆ ಸುಮ್ಮನಾದಳು. ನನಗೆ ಏನೂ ಕೇಳಿಸುತ್ತಿಲ್ಲ, ಅವ್ವನ ಮುಖ ನೋಡಿ ಯಾರು ಹಾಡುತ್ತಿದ್ದಾರೆ ಅಂತ ಊಹೆ ಮಾಡುತ್ತಿದ್ದೆ. ಒಮ್ಮೆಲೆ ಹುಬ್ಬು ಗಂಟಾಯಿತು. "ಈ ಯಪ್ಪಗ ನೆಗಡಿ ಆಗೇತೇನು?" ಲೂಯಿಸ್ ಬಂದ. ಸ್ವಲ್ಪ ಹೊತ್ತು ಬಿಟ್ಟು, ಅವರೆಕಾಯಿ ಕೈಯಲ್ಲೇ ಹಿಡಿದು, "ಆದ್ರ ಶ್ರುತಿ ಬಿಟ್ಟಿಲ್ಲ ನೋಡು" ಅಂದಳು. ನನಗೆ ಎಂಟು ತಿಂಗಳು ಬೇಕಾಗಿತ್ತು ಅಷ್ಟು ಹೇಳೋಕೆ.

ಹನ್ನೊಂದೂ ಹಾಡು ಕೇಳಿದಳು. ಇಯರ್‌ಫೋನ್ ವಾಪಸ್ ಕೊಡುವಾಗ, ಈ ಹೆಣ್ಣುಮಗಳು ಒಬ್ಬಳೇ ಹಾಡಿದ್ದು ಇಲ್ಲವಾ ಅಂತ ಕೇಳಿದ್ದಾಳೆ, ನೆಗಡಿಯವನು ಒಳ್ಳೆಯವನೇ, ಆದರೂ ಒಮ್ಮೆ ಆತ ಇಲ್ಲದೆ ಕೇಳಬೇಕಂತೆ. ನೀನೇ ಆರಿಸಿ ಕಳಿಸು, ಈ ಸಲ ಅವತ್ತೇ ಕೇಳುತ್ತೇವೆ. ಮೋನೋ ಇರೋದನ್ನೇ ನೋಡಿ ಕಳಿಸು, ಇಯರ್‌ಫೋನ್ ಇನ್ನೂ ತಂದಿಲ್ಲ.

ನಿನ್ನವ