ಘಾಟಿ ಇಳಿಯುವ ಕಾರಿಗೆ ಎಂಥ ಬಲ್ಬು?

ಚಿ. ಶ್ರೀದೇವಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ರಾತ್ರಿ ಮಳೆಯಲ್ಲಿ ಶಿರಾಡಿ ಘಾಟಿ ಇಳಿಯುವಾಗ ರಸ್ತೆ ಸರಿಯಾಗಿ ಕಾಣಿಸುವುದಿಲ್ಲ, ಅಂಗಡಿಯವರು ಎಲ್‌ಇಡಿ ಬಲ್ಬು ಹಾಕಿಸಿಕೊಳ್ಳಿ ಎನ್ನುತ್ತಾರೆ, ಹಾಕಿಸಲೇ ಎಂದು ಕೇಳಿದ್ದೀಯ. ಹಾಕಿಸಬೇಡ. ಬೆಳಕು ಹೆಚ್ಚಬೇಕೆಂಬ ನಿನ್ನ ಆಸೆ ನ್ಯಾಯವಾದದ್ದೇ, ಅದಕ್ಕೆ ದಾರಿಯೂ ಇದೆ. ಆದರೆ ಆ ದಾರಿ ಇದಲ್ಲ.

ನಿನ್ನ ಕಾರಿನಲ್ಲಿರುವುದು ಎಚ್4 ಹ್ಯಾಲೊಜನ್ ಬಲ್ಬು. ಹಿಂದೆ ಮೂರು ಪಿನ್ನು, ಒಳಗೆ ಎರಡು ಫಿಲಮೆಂಟು, ಅಂದರೆ ಕಾದು ಬೆಳಗುವ ಸಣ್ಣ ತಂತಿ: ಬ್ರೈಟಿಗೆ 60 ವ್ಯಾಟ್, ಡಿಮ್ಮಿಗೆ 55. ಸುಟ್ಟುಹೋದ ಹಳೆಯ ಬಲ್ಬು ಸಿಕ್ಕಿದರೆ ಕೈಯಲ್ಲಿ ಹಿಡಿದು ನೋಡು. ಡಿಮ್ ಫಿಲಮೆಂಟಿನ ಅಡಿಗೆ ಒಂದು ಪುಟ್ಟ ಲೋಹದ ತಟ್ಟೆ ಇರುತ್ತದೆ. ಬೆಳಕು ಪ್ರತಿಫಲಕದ (ಬಲ್ಬಿನ ಸುತ್ತಲಿನ ಹೊಳೆಯುವ ಬಟ್ಟಲಿನ) ಕೆಳಗಿನ ಅರ್ಧಕ್ಕೆ ಬೀಳದಂತೆ ತಡೆಯುವುದು ಅದರ ಕೆಲಸ, ಏಕೆಂದರೆ ಅಲ್ಲಿಗೆ ಬಿದ್ದ ಬೆಳಕು ಮೇಲಕ್ಕೆ ಚಿಮ್ಮಿ ಎದುರಿನವರ ಮುಖಕ್ಕೇ ಹೊಡೆಯುತ್ತದೆ. ಗೋಡೆಯ ಮುಂದೆ ಕಾರು ನಿಲ್ಲಿಸಿ ಡಿಮ್ ಹಾಕಿದರೆ ಬೆಳಕು ಒಂದು ಗೆರೆಗೆ ಕತ್ತರಿಸಿದಂತೆ ನಿಲ್ಲುವುದು ಆ ತಟ್ಟೆಯಿಂದ. ಎಡಬದಿಯಲ್ಲಿ ಮಾತ್ರ ಗೆರೆ ತುಸು ಮೇಲೇರುತ್ತದೆ. ನಾವು ಎಡಕ್ಕೆ ಓಡಿಸುವವರಾದ್ದರಿಂದ, ರಸ್ತೆಯಂಚಿನಲ್ಲಿ ನಡೆದುಹೋಗುವವರು ದೂರದಿಂದಲೇ ಕಾಣಲೆಂದು ಹಾಗೆ ಮಾಡಿರುತ್ತಾರೆ.

ಇಡೀ ದೀಪ ಆ ಫಿಲಮೆಂಟಿನ ಜಾಗ ಮತ್ತು ಗಾತ್ರಕ್ಕೆ ಲೆಕ್ಕ ಹಾಕಿ ಮಾಡಿದ್ದು. ಅದೇ ಹೋಲ್ಡರಿಗೆ ಎಲ್‌ಇಡಿ ಸಿಕ್ಕಿಸಿದರೆ ಬೆಳಕು ಹುಟ್ಟುವುದು ಎರಡು ಪಕ್ಕದಲ್ಲಿ ಅಂಟಿಸಿದ ಚಪ್ಪಟೆ ಎಲ್‌ಇಡಿ ಚಿಪ್‌ಗಳಿಂದ. ಅದು ಕೂದಲೆಳೆಯಷ್ಟು ಆಚೀಚೆಯಾದರೂ ಗೋಡೆಯ ಮೇಲಿನ ಗೆರೆ ಕದಡಿಹೋಗುತ್ತದೆ. ಓಡಿಸುವವರಿಗೆ ಮಾತ್ರ ಬೆಳಕು ಬಹಳ ಹೆಚ್ಚಾದಂತೆ ಅನಿಸುತ್ತದೆ, ಏಕೆಂದರೆ ಬಾನೆಟ್ಟಿನ ಮುಂದೆ ಹತ್ತಿರದಲ್ಲೇ ಬೆಳ್ಳನೆ ಸುರಿದಿರುತ್ತದೆ. ಕಣ್ಣು ಆ ಹತ್ತಿರದ ಬೆಳಕಿಗೆ ಒಗ್ಗಿಕೊಂಡು, ನಿಜವಾಗಿ ಕಾಣಬೇಕಾದ ದೂರದ ತಿರುವು ಇನ್ನಷ್ಟು ಮಸುಕಾಗುತ್ತದೆ. ಜರ್ಮನಿಯಲ್ಲಿ 2020ರಿಂದ ಕೆಲವು ಎಲ್‌ಇಡಿ ಬಲ್ಬುಗಳಿಗೆ ಒಪ್ಪಿಗೆ ಕೊಟ್ಟಿದ್ದಾರೆ ನಿಜ. ಆದರೆ ಅದು ಪರೀಕ್ಷೆಯಲ್ಲಿ ಪಾಸಾದ ನಿರ್ದಿಷ್ಟ ಕಾರುಗಳ ದೀಪಗಳಿಗೆ ಮಾತ್ರ, ಸಿಕ್ಕ ಸಿಕ್ಕ ಕಾರಿಗಲ್ಲ. ಕಂಪನಿಯೇ ಎಲ್‌ಇಡಿಗೆಂದು ರೂಪಿಸಿದ ದೀಪದ ಮಾತು ಬೇರೆ.

ನನ್ನ ವಯಸ್ಸಿನವರ ಕಷ್ಟವನ್ನೂ ಕೇಳು. ವಯಸ್ಸಾದಂತೆ ಕಣ್ಣಿನ ಮಸೂರ ಮಬ್ಬಾಗುತ್ತದೆ, ಎದುರಿನ ಬೆಳಕು ಒಳಗೇ ಚದುರಿ ಕಣ್ಣ ತುಂಬ ಬಿಳಿ ಪರದೆ ಎಳೆದುಬಿಡುತ್ತದೆ. ವಾಹನ ದಾಟಿಹೋದ ಮೇಲೂ ಕತ್ತಲೆಗೆ ಕಣ್ಣು ಹೊಂದಿಕೊಳ್ಳಲು ಹೊತ್ತು ಬೇಕು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಮೂರೇ ಸೆಕೆಂಡು ಕಣ್ಣು ಕತ್ತಲಿಟ್ಟರೆ ವಾಹನ 50 ಮೀಟರ್ ಕುರುಡಾಗಿ ಓಡಿರುತ್ತದೆ. ಗುಂಡ್ಯದ ಬಳಿಯ ತಿರುವುಗಳಲ್ಲಿ, ಮಳೆ ಕೋಟು ಹಾಕಿಕೊಂಡು ಸ್ಕೂಟರಿನಲ್ಲಿ ಬರುವ ಒಬ್ಬನಿಗೆ ಆ 50 ಮೀಟರ್ ಎಂದರೇನು ಎಂದು ಯೋಚಿಸು. ಅವನಿಗೆ ರಸ್ತೆ ಕಾಣದಿದ್ದರೆ ಅವನು ಬಂದು ಬೀಳುವುದು ನಿನ್ನ ಕಾರಿನ ಮುಂದೆಯೇ.

ಹಾಗಾದರೆ ಏನು ಮಾಡುವುದು? ಮೊದಲು ನಿನ್ನ ದೀಪದ್ದೇ ಆದ ಬೆಳಕನ್ನು ಪೂರ್ತಿ ಹಿಂದಕ್ಕೆ ಪಡೆ. ಹಳೆಯ ಕಾರೆಂದರೆ ಮುಂದಿನ ಪ್ಲಾಸ್ಟಿಕ್ ಮುಚ್ಚಳ ಬಿಸಿಲಿಗೆ ಹಳದಿಗಟ್ಟಿರುತ್ತದೆ. ನೀರು ಹಾಕಿ ಉಜ್ಜುವ ನಯವಾದ ಮರಳು ಕಾಗದದಿಂದ ಉಜ್ಜಿ ಪಾಲಿಶ್ ಮಾಡಿಸಿದರೆ ಎಷ್ಟೋ ಗೆದ್ದಂತೆ. ಆಮೇಲೆ ವೈರಿಂಗು. ಇದನ್ನು ಯಾರೂ ನೋಡುವುದಿಲ್ಲ, ನೋಡಬೇಕಾದದ್ದು ಇದೇ. ಹ್ಯಾಲೊಜನ್ ಬಲ್ಬಿಗೆ ಸಿಗುವ ವೋಲ್ಟೇಜ್ ಶೇ 10ರಷ್ಟು ಇಳಿದರೆ ಬೆಳಕು ಸುಮಾರು ಶೇ 30ರಷ್ಟು ಕುಸಿಯುತ್ತದೆ. ಎಂಜಿನ್ ಚಾಲೂ ಇಟ್ಟು, ದೀಪ ಉರಿಸಿ, ಬ್ಯಾಟರಿಯ ಮೇಲೊಮ್ಮೆ, ಬಲ್ಬಿನ ಪಿನ್ನಿನಲ್ಲೊಮ್ಮೆ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಹಿಡಿಸು. ಎರಡರ ನಡುವೆ ಒಂದು ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ನಿನ್ನ ಬೆಳಕು ತಂತಿಯಲ್ಲೇ ಸೋರುತ್ತಿದೆ ಎಂದು ತಿಳಿ. ಅರ್ಥ್ ತಂತಿಯ ತುದಿಯಲ್ಲಿ ಹಸಿರು ಕಿಲುಬು ಕಟ್ಟಿರುತ್ತದೆ, ಹೋಲ್ಡರ್ ಕಪ್ಪಾಗಿರುತ್ತದೆ. ಅವನ್ನು ಸರಿಪಡಿಸಿ, ರಿಲೇ (ಬ್ಯಾಟರಿಯಿಂದ ದೀಪಕ್ಕೆ ನೇರವಾಗಿ ವಿದ್ಯುತ್ ಹಾಯಿಸುವ ಸ್ವಿಚ್ಚು) ಇಟ್ಟು ದಪ್ಪ ತಂತಿ ಎಳೆಸಿದರೆ ಅದೇ ಹಳೆಯ ಬಲ್ಬು ಹೊಸದರಂತೆ ಉರಿಯುತ್ತದೆ.

ಬಲ್ಬು ಬದಲಿಸುವುದಾದರೆ 60/55 ವ್ಯಾಟಿನದನ್ನೇ ಕೊಳ್ಳು. 100/90 ವ್ಯಾಟಿನದನ್ನು ಯಾರಾದರೂ ಕೈಗಿಟ್ಟರೆ ತಿರುಗಿಸಿ ಕೊಡು. ಅದು ಕಾನೂನಿಗೆ ವಿರುದ್ಧ, ಜೊತೆಗೆ ಡಿಮ್ಮಿನಲ್ಲಿ ನಾಲ್ಕೂವರೆ ಆಂಪಿಯರ್ ಹರಿಯುವ ತಂತಿಯಲ್ಲಿ ಏಳೂವರೆ ಹರಿದು ಹೋಲ್ಡರನ್ನೂ ಪ್ರತಿಫಲಕದ ಲೇಪವನ್ನೂ ಸುಡುತ್ತದೆ. ಹೆಸರಾಂತ ಕಂಪನಿಗಳು ಅದೇ ವ್ಯಾಟಿನಲ್ಲಿ ಶೇ 30, 50, 100 ಹೆಚ್ಚು ಬೆಳಕೆಂದು ಬರೆದ ಬಲ್ಬುಗಳನ್ನು ಮಾರುತ್ತವೆ. ಬೆಳಕು ಇಮ್ಮಡಿ ಎಂದು ಅದರರ್ಥವಲ್ಲ. ರಸ್ತೆಯ ಕೆಲವು ಭಾಗದಲ್ಲಿ ಅಷ್ಟು ಹೆಚ್ಚು ಎಂದಷ್ಟೇ. ಫಿಲಮೆಂಟನ್ನು ಹೆಚ್ಚು ಕಾಯಿಸಿ ಆ ಬೆಳಕು ತೆಗೆಯುವುದರಿಂದ ಸಂಖ್ಯೆ ಏರಿದಷ್ಟೂ ಆಯುಷ್ಯ ಕಡಿಮೆ. ನಿನಗೆ 30 ಅಥವಾ 50ರದ್ದು ಸಾಕು. ನೀಲಿ ಗಾಜಿನದು ಬೇಡ, ಆ ಬಣ್ಣ ಬೆಳಕನ್ನು ತಿನ್ನುತ್ತದೆ. ನಮ್ಮ ಮಳೆಗೆ, ಮಂಜಿಗೆ ಹ್ಯಾಲೊಜನ್ನಿನ ಸಹಜ ಹಳದಿ ಛಾಯೆಯೇ ಒಳ್ಳೆಯದು. ಎರಡೂ ಬದಿಯದನ್ನು ಒಟ್ಟಿಗೆ ಬದಲಿಸು, ಗಾಜಿಗೆ ಬೆರಳು ತಾಗಿಸಬೇಡ. ಬೆರಳಿನ ಜಿಡ್ಡು ಕಾದು ಗಾಜು ಹಾಳಾಗುತ್ತದೆ.

ಬಲ್ಬು ಬದಲಿಸಿದ ಮೇಲೆ ಎತ್ತರ ಹೊಂದಿಸದೆ ಬಿಡಬೇಡ. ಟೈರಿಗೆ ಸರಿಯಾಗಿ ಗಾಳಿ ಹಾಕಿಸಿ, ಸಮತಟ್ಟು ಜಾಗದಲ್ಲಿ ಗೋಡೆಯಿಂದ 10 ಮೀಟರ್ ದೂರ ನಿಲ್ಲಿಸು. ಡಿಮ್ ಗೆರೆ ದೀಪದ ನಡುಮಟ್ಟಕ್ಕಿಂತ ಸುಮಾರು 10 ಸೆಂಟಿಮೀಟರ್ ಕೆಳಗೆ ಬೀಳಬೇಕು. ದೀಪದ ಎತ್ತರ ತಗ್ಗಿಸುವ, ಸ್ಟೇರಿಂಗ್ ಪಕ್ಕದ ಚಿಕ್ಕ ಚಕ್ರ ಆಗ ಸೊನ್ನೆಯಲ್ಲಿರಲಿ. ಹಿಂದೆ ಜನ, ಡಿಕ್ಕಿಯಲ್ಲಿ ಸಾಮಾನು ತುಂಬಿದಾಗ ಮೂತಿ ಮೇಲೇಳುತ್ತದೆ; ಆಗ ಅದನ್ನು 1ಕ್ಕೋ 2ಕ್ಕೋ ತಿರುಗಿಸು. ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮ ಹೇಳುವುದೂ ಇದನ್ನೇ: ದೀಪದಿಂದ 8 ಮೀಟರ್ ಮುಂದೆ, ಅರ್ಧ ಮೀಟರ್ ಬಲಕ್ಕೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣಿಗೆ ಅದು ಕುಕ್ಕಬಾರದು. ಗೆಳತಿಯೊಬ್ಬಳನ್ನು ಕಾರಿನಲ್ಲಿ ಕೂರಿಸಿ ನೀನೇ ಅಲ್ಲಿ ನಿಂತು ನೋಡು. ಕಣ್ಣು ಕುಕ್ಕುವ ದೀಪಗಳ ಮೇಲೆ ಕರ್ನಾಟಕ ಪೊಲೀಸರು 2024ರ ಜುಲೈಯಿಂದ ಕೇಸು ಹಾಕುತ್ತಿದ್ದಾರೆ, ನನಗೆ ಅದರಿಂದ ಬಹಳ ಸಮಾಧಾನವಾಯಿತು.

ಈಗಲೇ ಹಣ ಖರ್ಚು ಮಾಡಬೇಡ. ಚೌತಿಗೆ ಬರುವಾಗ ಹಗಲಲ್ಲೇ ಹೊರಟು ಬಾ. ಉಪ್ಪಿನಂಗಡಿಯಲ್ಲಿ ನನಗೆ ಗೊತ್ತಿರುವ ಎಲೆಕ್ಟ್ರಿಷಿಯನ್‌ಗೆ ಹೇಳಿಟ್ಟಿರುತ್ತೇನೆ. ವೋಲ್ಟೇಜ್ ನೋಡಿಸಿ, ಬೇಕಿದ್ದರೆ ರಿಲೇ ಹಾಕಿಸೋಣ. ಬಲ್ಬು ಯಾವುದೆಂದು ಆಮೇಲೆ ತೀರ್ಮಾನಿಸಿದರಾಯಿತು.

ಇಂತಿ ನಿನ್ನ
ದೊಡ್ಡಪ್ಪ