ಮಂತ್ರಿಗಳೇ, ಹಾರ ಹಾಕಿದ್ದು ಸಾಕು, ಫೈರ್‌ಮನ್ ಯಾಕೆ ಸತ್ತ ಅಂತ ಹೇಳಿ

ಮಾನ್ಯ ಸಚಿವರೇ,

ನಮಸ್ಕಾರ. ಅಗ್ನಿಶಾಮಕ ಇಲಾಖೆ ನಿಮ್ಮ ಖಾತೆಗೆ ಸೇರಿದ್ದು, ಅದಕ್ಕೇ ನೇರವಾಗಿ ನಿಮಗೇ ಬರೆಯುತ್ತಿದ್ದೇನೆ. ಕೆಲಸದ ಮೇಲಿದ್ದ ಫೈರ್‌ಮನ್ ಒಬ್ಬ ಸತ್ತರೆ ಏನೇನು ನಡೆಯುತ್ತೆ ಅಂತ ನಮಗೆಲ್ಲ ಗೊತ್ತು. ಗೌರವ ವಂದನೆ, ಪರಿಹಾರದ ಘೋಷಣೆ, ನಿಮ್ಮದೊಂದು ಸಂತಾಪ. ಇವು ಬೇಡ ಅಂತ ನಾನು ಹೇಳುತ್ತಿಲ್ಲ, ಆ ಮನೆಯವರಿಗೆ ದುಡ್ಡು ಸಿಗಲೇಬೇಕು. ಆದರೆ ಅವನು ಸತ್ತಿದ್ದು ಯಾಕೆ? "ಹೊಗೆಗೆ ಉಸಿರುಗಟ್ಟಿ" ಅನ್ನುವುದು ಉತ್ತರವಲ್ಲ. ಹೊಗೆ ಇರುತ್ತೆ ಅಂತ ಗೊತ್ತಿದ್ದೇ ಅಲ್ವಾ ಬೆನ್ನಿಗೆ ಗಾಳಿ ಸಿಲಿಂಡರ್ ಹಾಕಿ ಒಳಗೆ ಕಳಿಸಿದ್ದು? ಅದು ಖಾಲಿಯಾಯಿತಾ, ಮಾಸ್ಕ್ ಕೈಕೊಟ್ಟಿತಾ, ದಾರಿ ತಪ್ಪಿದನಾ, ವಾಕಿಟಾಕಿಯಲ್ಲಿ ಕೂಗಿದ್ದು ಹೊರಗಿದ್ದವರಿಗೆ ಕೇಳಿಸಲಿಲ್ವಾ?

ಇಲಾಖಾ ವಿಚಾರಣೆ ಇದೆಯಲ್ಲ ಅಂತ ನಿಮ್ಮ ಅಧಿಕಾರಿಗಳು ಹೇಳಬಹುದು. ಅಂಥ ವಿಚಾರಣೆ ಹುಡುಕುವುದು ಯಾರ ತಪ್ಪು ಅಂತ. ನೌಕರಿಗೆ ಕುತ್ತು ಬರುತ್ತೆ ಅನ್ನುವ ಭಯ ಇರುವಾಗ, ಅವನ ಜೊತೆ ಒಳಗೆ ಹೋಗಿದ್ದವರು ನಡೆದಿದ್ದನ್ನು ನಡೆದ ಹಾಗೆ ಯಾಕೆ ಹೇಳುತ್ತಾರೆ? ಒಬ್ಬರನ್ನು ಅಮಾನತು ಮಾಡಿ ಫೈಲ್ ಮುಚ್ಚಿದರೆ ಕೆಟ್ಟ ಮಾಸ್ಕ್ ಸರಿಹೋಗುವುದಿಲ್ಲ.

ಅಮೆರಿಕದಲ್ಲಿ ಇದಕ್ಕೆಂದೇ 1998ರಲ್ಲಿ ಒಂದು ಕಾರ್ಯಕ್ರಮ ಶುರು ಮಾಡಿದರು. ನಡೆಸುವುದು ಅಗ್ನಿಶಾಮಕ ಇಲಾಖೆಯಲ್ಲ, ಕೆಲಸಗಾರರ ಸುರಕ್ಷತೆ ಮತ್ತು ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಬೇರೆಯೇ ಒಂದು ಸರ್ಕಾರಿ ಸಂಸ್ಥೆ. ಈ ತಂಡ ಯಾರಿಗೂ ಶಿಕ್ಷೆ ಕೊಡುವುದಿಲ್ಲ, ಯಾರ ತಪ್ಪು ಅಂತ ಬರೆಯುವುದಿಲ್ಲ. ಸತ್ತವರ ಹೆಸರೂ ವರದಿಯಲ್ಲಿ ಇರುವುದಿಲ್ಲ. ಏನು ನಡೆಯಿತು, ಯಾವ ಕಾರಣಗಳು ಸೇರಿ ಸಾವಾಯಿತು, ಇನ್ನೊಮ್ಮೆ ಆಗದ ಹಾಗೆ ಏನು ಮಾಡಬೇಕು, ಇಷ್ಟನ್ನೇ ಬರೆದು ಯಾರು ಬೇಕಾದರೂ ಓದುವ ಹಾಗೆ ಪ್ರಕಟಿಸುತ್ತಾರೆ. ಎಲ್ಲ ಸಾವುಗಳನ್ನೂ ಅವರು ತನಿಖೆ ಮಾಡಲ್ಲ, ಸಲಹೆ ಪಾಲಿಸಿ ಅಂತ ಬಲವಂತ ಮಾಡುವ ಅಧಿಕಾರವೂ ಅವರಿಗಿಲ್ಲ. ಅದೊಂದು ಕೊರತೆಯೇ ಅನ್ನಿ.

1999ರ ಡಿಸೆಂಬರ್ 3ರಂದು ಮ್ಯಾಸಚೂಸೆಟ್ಸ್‌ನ ವೂಸ್ಟರ್ ಊರಲ್ಲಿ, ಖಾಲಿ ಬಿದ್ದಿದ್ದ ಹಳೇ ಕೋಲ್ಡ್ ಸ್ಟೋರೇಜ್ ಕಟ್ಟಡಕ್ಕೆ ಬೆಂಕಿ ಬಿತ್ತು. ಮನೆಯಿಲ್ಲದವರು ಒಳಗಿರಬಹುದು ಅಂತ ಹುಡುಕಲು ಹೋದ ಇಬ್ಬರು ಹೊಗೆಯಲ್ಲಿ ದಾರಿ ತಪ್ಪಿದರು. ಹೆಚ್ಚುಕಡಿಮೆ ಕಿಟಕಿಗಳೇ ಇಲ್ಲದ ಕಟ್ಟಡ ಅದು. ಅವರನ್ನು ಹುಡುಕಲು ಹೋದವರಲ್ಲಿ ಇನ್ನೂ ನಾಲ್ವರು ವಾಪಸ್ ಬರಲಿಲ್ಲ. ಒಟ್ಟು ಆರು ಜನ. ಅವರು ಯಾರನ್ನು ಹುಡುಕುತ್ತಿದ್ದರೋ ಅವರು ಆಗಲೇ ಹೊರಗೆ ಹೋಗಿಯಾಗಿತ್ತು. ಇದನ್ನು ಆರು ಜನರ ಧೈರ್ಯದ ಕತೆ ಮಾಡಿ ಬಿಡಬಹುದಿತ್ತು, ಧೈರ್ಯ ಇದ್ದದ್ದೂ ನಿಜ. ಆದರೆ ತನಿಖೆಯವರ ಕಣ್ಣು ಬೇರೆ ಕಡೆ ಇತ್ತು. ಯಾರು ಯಾವ ಮಹಡಿಯಲ್ಲಿದ್ದಾರೆ ಅಂತ ಲೆಕ್ಕ ಇಡುವುದು ಹೇಗೆ, ವಾಪಸ್ ಬರಲು ದಾರಿ ತೋರಿಸುವ ಹಗ್ಗ ಯಾಕೆ ಬೇಕು, ಪಾಳು ಬಿದ್ದ ಅಪಾಯದ ಕಟ್ಟಡಗಳನ್ನು ಮೊದಲೇ ಗುರುತು ಮಾಡಿಡಬೇಕು ಅನ್ನುವಂಥ ಮಾತುಗಳು. ಬಣ್ಣದ ಡಬ್ಬಿ, ಹಗ್ಗ, ಒಂದು ಪಟ್ಟಿ. ಇದಕ್ಕೆ ಏನು ಖರ್ಚಾಗುತ್ತೆ ಹೇಳಿ?

ಸಲಕರಣೆಗಳ ವಿಷಯವೂ ಹಾಗೇ. ಫೈರ್‌ಮನ್ ಅಲುಗಾಡದೆ ಬಿದ್ದರೆ ಜೋರಾಗಿ ಕೂಗುವ ಒಂದು ಅಲಾರಂ ಅವನ ಮೈಮೇಲೆ ಇರುತ್ತೆ. ಒಂದಾದ ಮೇಲೆ ಒಂದು ಸಾವಿನಲ್ಲಿ ಅದರ ಸದ್ದು ಕೇಳಿಸಲೇ ಇಲ್ಲ ಅಂತ ತನಿಖೆಯಲ್ಲಿ ಬಂದಾಗ ಲ್ಯಾಬಿನಲ್ಲಿ ಪರೀಕ್ಷೆ ಮಾಡಿದರು. ಜಾಸ್ತಿ ಬಿಸಿಗೆ ಅದರ ದನಿಯೇ ಉಡುಗಿಹೋಗುತ್ತಿತ್ತು. ಬೆಂಕಿಯಲ್ಲಿ ಬಳಸುವ ಅಲಾರಂ! 2007ರಲ್ಲಿ ಅದರ ಮಾನದಂಡ ಬದಲಾಯಿತು, 2013ರಲ್ಲಿ ಮಾಸ್ಕಿನ ಗಾಜು ಬಿಸಿ ತಡೆಯುತ್ತಾ ಅನ್ನುವ ಪರೀಕ್ಷೆಯನ್ನೂ ಬಿಗಿ ಮಾಡಿದರು. ಅದಕ್ಕೇ ಕೇಳುವುದು, ಸಾವಾದ ತಕ್ಷಣ ಆ ಮಾಸ್ಕ್, ಸಿಲಿಂಡರ್, ಬಟ್ಟೆ ಎಲ್ಲ ಸೀಲ್ ಮಾಡಿಡಿ. ತೊಳೆದು ಇನ್ನೊಬ್ಬರಿಗೆ ಕೊಟ್ಟುಬಿಟ್ಟರೆ ಏನನ್ನು ಅಂತ ಪರೀಕ್ಷಿಸೋದು?

ಇನ್ನೊಂದು ವಿಷಯ, ಇದು ಜಾಸ್ತಿ ಜನಕ್ಕೆ ಗೊತ್ತಿಲ್ಲ. ಅಮೆರಿಕದ ಲೆಕ್ಕದಲ್ಲಿ ಕೆಲಸದ ಮೇಲೆ ಸಾಯುವ ಫೈರ್‌ಮನ್‌ಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಜನ ಸಾಯುವುದು ಸುಟ್ಟಗಾಯದಿಂದಲ್ಲ, ಹೃದಯಾಘಾತದಿಂದ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನ ನೋಡಿ. ಬೆಂಕಿ ಆರಿಸುವುದಕ್ಕೆ ಅವರ ವರ್ಷದ ಕೆಲಸದ ಸಮಯದಲ್ಲಿ ಹೋಗುವುದು ಶೇ. 1ರಿಂದ 5 ಅಷ್ಟೇ, ಆದರೆ ಹೃದ್ರೋಗದ ಸಾವುಗಳಲ್ಲಿ ಶೇ. 32 ಆಗಿದ್ದು ಆ ಹೊತ್ತಿನಲ್ಲೇ. ಮಲಗಿದ್ದವನು ಗಂಟೆ ಹೊಡೆದ ತಕ್ಷಣ ಎದ್ದು, ಭಾರದ ಸಲಕರಣೆ ಹೊತ್ತು, ಆ ಬಿಸಿಯಲ್ಲಿ ಮೆಟ್ಟಿಲು ಹತ್ತಿದರೆ ಹೃದಯ ಎಷ್ಟು ಅಂತ ತಡೆಯುತ್ತೆ? ಇಂಥ ಸಾವನ್ನು "ಅನಾರೋಗ್ಯ" ಅಂತ ಷರಾ ಬರೆದು ಪಕ್ಕಕ್ಕಿಡಬೇಡಿ. ಸೇರುವಾಗ ಮಾಡುವ ವೈದ್ಯಕೀಯ ಪರೀಕ್ಷೆ ಒಂದೇ ಸಾಲದು, ಪ್ರತಿ ವರ್ಷ ಮಾಡಿಸಿ. ಕ್ಯಾನ್ಸರ್ ಕೂಡ ಲೆಕ್ಕಕ್ಕೆ ಬರಲಿ. ಫೈರ್‌ಮನ್ ಕೆಲಸವೇ ಕ್ಯಾನ್ಸರ್‌ಕಾರಕ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2022ರಲ್ಲೇ ಹೇಳಿದೆ.

ಹಾಗೆಯೇ ಬೆಂಕಿ ಬಿದ್ದ ಜಾಗಕ್ಕೆ ಹೋಗುವ ದಾರಿಯಲ್ಲಿ ಗಾಡಿ ಮಗುಚಿ ಸಾಯುವವರೂ ಇದ್ದಾರೆ. ಅಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಸೀಟ್ ಬೆಲ್ಟ್ ಹಾಕಿದ್ದರಾ ಅಂತ.

ನಾನು ಕೇಳುತ್ತಿರುವುದು ಹೊಸ ಕಟ್ಟಡವಲ್ಲ, ದೊಡ್ಡ ಆಯೋಗವೂ ಅಲ್ಲ. ಇಲಾಖೆಗೆ ಉತ್ತರ ಕೊಡಬೇಕಿಲ್ಲದ ಸಣ್ಣದೊಂದು ತಂಡ ಸಾಕು. ಬೆಂಕಿಯ ಕೆಲಸ ಬಲ್ಲವರೊಬ್ಬರು, ಡಾಕ್ಟರ್ ಒಬ್ಬರು, ಕಟ್ಟಡಗಳ ಇಂಜಿನಿಯರ್ ಒಬ್ಬರು ಇರಲಿ. ಗುತ್ತಿಗೆಯವರು, ಸ್ವಯಂಸೇವಕರು ಸತ್ತರೂ ತನಿಖೆ ಆಗಲಿ. ವರದಿ ಬಂದ ಮೇಲೆ ಯಾವ ಸಲಹೆ ಒಪ್ಪಿದಿರಿ, ಯಾವುದನ್ನು ಬಿಟ್ಟಿರಿ, ಯಾಕೆ ಬಿಟ್ಟಿರಿ ಅಂತ ನೀವು ಸಹಿ ಹಾಕಿ ಹೇಳಿ.

ಅದಕ್ಕೂ ಮೊದಲು ಒಂದು ಕೆಲಸ. ನಿಮ್ಮ ಇಲಾಖೆಯಲ್ಲಿ ಕೊನೆಯದಾಗಿ ಕೆಲಸದ ಮೇಲೆ ಸತ್ತ ಸಿಬ್ಬಂದಿಯ ತನಿಖಾ ವರದಿ ತರಿಸಿಕೊಂಡು ನೀವೇ ಓದಿ, ಆಮೇಲೆ ಜನರ ಮುಂದಿಡಿ. ಅಂಥ ವರದಿಯೇ ಇಲ್ಲ ಅಂತಾದರೆ ಅದನ್ನೂ ಲಿಖಿತವಾಗಿ ತಿಳಿಸಿ.

ಇಂತಿ,
ಒಬ್ಬ ಮತದಾರ